ಕಾಂಡ್ಲಾ ಕಾಡಿಗೆ ಹೊರಡುವ ಮೊದಲು ಗೋಡೆ ಕ್ಯಾಲೆಂಡರ್ ನೋಡಿ

ಡಿಸೆಂಬರ್‌ನಲ್ಲಿ ಮೂರು ದಿನ ರಜೆ, ಜೊತೆಗೆ ಇಬ್ಬರು ಮಕ್ಕಳು, ಯಾರಿಗೂ ಈಜು ಬರುವುದಿಲ್ಲ, ಬೆಂಗಳೂರಿನಿಂದ ಹೋಗಿ ಕರಾವಳಿಯ ಕಾಂಡ್ಲಾ ಕಾಡಿನಲ್ಲಿ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು) ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ರೈಲು ಟಿಕೆಟ್ ಬುಕ್ ಮಾಡುವ ಮೊದಲು ಭರತ-ಇಳಿತದ, ಅಂದರೆ ಸಮುದ್ರದ ನೀರು ಏರಿ ಇಳಿಯುವ, ಸಮಯ ನೋಡಿಕೊಳ್ಳಿ.

ಇದನ್ನು ನಾನು ಕಲಿತಿದ್ದು ಕೆಸರಿನಲ್ಲಿ ನಿಂತು. ಮೊದಲ ಸಲ ಹೋದಾಗ ದೋಣಿಯವರು "ಯಾವಾಗ ಬೇಕಾದರೂ ಬನ್ನಿ ಸಾರ್" ಅಂದರು. ಸಂಜೆ ನಾಲ್ಕಕ್ಕೆ ಇಳಿದೆವು. ಐದಕ್ಕೆ ಕಾಲುವೆಯ ನೀರೇ ಖಾಲಿ! ಮೊಣಕಾಲುದ್ದ ಕೆಸರಿನಲ್ಲಿ ಕಯಾಕ್ ಎಳೆದುಕೊಂಡು ಬಂದೆವು. ನನ್ನ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ.

ಲೆಕ್ಕ ಸುಲಭ. ದಿನಕ್ಕೆ ಎರಡು ಭರತ, ಎರಡು ಇಳಿತ, ನಡುವೆ ಸುಮಾರು ಆರು ಗಂಟೆ. ಮರುದಿನ ಇದೇ ಹೊತ್ತು 50 ನಿಮಿಷದಷ್ಟು ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿ ಹತ್ತಿರ ಎಲ್ಲ ಮೆತ್ತಗೆ. ಹೊಸಬರಿಗೆ, ಮಕ್ಕಳಿಗೆ ಅಷ್ಟಮಿಯ ಆಚೀಚೆಯ ದಿನಗಳೇ ವಾಸಿ. ಮನೆಯ ಗೋಡೆ ಕ್ಯಾಲೆಂಡರ್ ಸಾಕು, ಅಲ್ವಾ? ನಿಖರ ಸಮಯಕ್ಕೆ ಕಾರವಾರ ಅಥವಾ ಮಂಗಳೂರು ಬಂದರಿನ ಪಟ್ಟಿ ನೋಡಿ. ನದಿಯೊಳಗೆ ಹೋದಷ್ಟೂ ನೀರು ಬಂದರಿಗಿಂತ ತಡವಾಗಿ ತಿರುಗುತ್ತದೆ, ಅದನ್ನು ಸ್ಥಳೀಯರೇ ಹೇಳಬೇಕು.

ಕಯಾಕ್‌ಗೆ ಭರತಕ್ಕೆ ಎರಡು ಗಂಟೆ ಮೊದಲು ಇಳಿಯಿರಿ. ಏರುವ ನೀರೇ ಒಳಗೆ ತಳ್ಳುತ್ತದೆ, ತಿರುಗಿದ ಮೇಲೆ ಅದೇ ಹೊರಗೆ ತರುತ್ತದೆ. ನಡಿಗೆ ಮಾತ್ರ ಇಳಿತದಲ್ಲಿ. ಕೆಸರು ತೆರೆದುಕೊಂಡಾಗಲೇ ಹಕ್ಕಿಗಳು ಮೇಯಲು ಬರುವುದು. ಒಂದೇ ದೊಡ್ಡ ಕೊಂಡಿ ಬೀಸುವ ಫಿಡ್ಲರ್ ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನು ಕಾಣುವುದೂ ಆಗಲೇ. ನಿಜ ಹೇಳಬೇಕೆಂದರೆ ನನಗೆ ಕಯಾಕ್‌ಗಿಂತ ಈ ನಡಿಗೆಯೇ ಇಷ್ಟ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ರೈಲು, ಪಂಚಗಂಗಾ, ಹಿಡಿದು ಕುಂದಾಪುರದಲ್ಲಿ ಇಳಿಯಿರಿ. ಸಾಲಿಗ್ರಾಮದ ಪಾರಂಪಳ್ಳಿ ಹತ್ತಿರ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ಮಾಡಿಸುತ್ತಾರೆ. ಮರುದಿನ ಹೊನ್ನಾವರದ ಶರಾವತಿ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಹಾದಿ ಇದೆ, ಕಾಲಿಗೆ ಕೆಸರೂ ತಾಗುವುದಿಲ್ಲ. ಮೂರನೇ ದಿನ ಉಳಿದರೆ ಕುಮಟಾ ಬಳಿಯ ಅಘನಾಶಿನಿ ಅಳಿವೆ. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. 2024ರಲ್ಲಿ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು. ಇಳಿತದಲ್ಲಿ ಹೆಂಗಸರು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವುದು, ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇಲ್ಲೇ. ಡಿಸೆಂಬರ್‌ಗೆ ಭತ್ತ ಕೊಯ್ದಾಗಿರುತ್ತದೆ. ಕೆಲಸದಲ್ಲಿರುವವರ ಫೋಟೋ ಮಾತ್ರ ಕೇಳದೆ ತೆಗೆಯಬೇಡಿ.

ಮಕ್ಕಳಿಗೆ ಉಪ್ಪಟ್ಟಿ ಮರದ ಎಲೆಯನ್ನು ನಾಲಿಗೆಗೆ ತಾಗಿಸಲು ಹೇಳಿ, ಉಪ್ಪುಪ್ಪು! ಬೇರು ಹೀರಿದ ಉಪ್ಪನ್ನು ಅದು ಎಲೆಯಿಂದ ಹೊರಹಾಕುತ್ತದೆ. ಕೆಸರಿನಿಂದ ಪೆನ್ಸಿಲ್‌ಗಳಂತೆ ಎದ್ದು ನಿಂತಿರುವುದು ಅದರದೇ ಉಸಿರಾಡುವ ಬೇರು. ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ನೇತಾಡುತ್ತಿರುತ್ತದೆ.

ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿಸಿ. ಮಕ್ಕಳ ಅಳತೆಯದು ಇದೆಯಾ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಅವರನ್ನು ಇಳಿಸಬೇಡಿ. ಇಬ್ಬರು ಕೂರುವ ಕಯಾಕ್‌ನಲ್ಲಿ ದೊಡ್ಡವರೊಬ್ಬರು, ಮಗು ಒಂದು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಹವಾಯಿ ಬೇಡವೇ ಬೇಡ. ದೋಣಿ ವಾಲಿತೆಂದು ಬೇರು ಹಿಡಿಯಬೇಡಿ, ಮೇಲೆ ಅಂಟಿದ ಸಿಂಪಿ ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಅಲ್ಲಿಯವರೆಗೆ ಸುಮ್ನೆ ಕೂರುವ ಬದಲು ಒಂದು ಭಾನುವಾರ ಬೆಳಿಗ್ಗೆ ಹೆಬ್ಬಾಳ ಕೆರೆಗೋ ಯಲಹಂಕದ ಪುಟ್ಟೇನಹಳ್ಳಿ ಕೆರೆಗೋ ಬೈನಾಕ್ಯುಲರ್ ಹಿಡಿದು ಹೋಗಿ. ಮಿಂಚುಳ್ಳಿ, ಬೆಳ್ಳಕ್ಕಿ ಗುರುತಿಸಲು ಕಣ್ಣು ಪಳಗಿದರೆ ಕರಾವಳಿಯಲ್ಲಿ ಹೊಸದನ್ನು ನೋಡಲು ಸಮಯ ಸಿಗುತ್ತದೆ.

ಗೈಡ್‌ಗೆ ಫೋನ್ ಮಾಡಿದಾಗ ರೇಟ್ ಆಮೇಲೆ. ಮೊದಲು "ಆ ದಿನ ಭರತ ಎಷ್ಟು ಗಂಟೆಗೆ?" ಅಂತ ಕೇಳಿ. "ಯಾವಾಗ ಬೇಕಾದರೂ ಬನ್ನಿ" ಅಂದರೆ ಬೇರೆಯವರನ್ನು ಹುಡುಕಿ.