ಪ್ರತಿಕ್ರಿಯೆ: ಬರ್ಲಿನ್‌ನಲ್ಲಿ ಇಬ್ಬರಿಗೆ ಒಂದೇ ಮನೆ, ಕರಾರು ಯಾರ ಹೆಸರಿನಲ್ಲಿ?

ನಮಸ್ಕಾರ. ಗೆಳತಿಯೊಂದಿಗೆ ಬರ್ಲಿನ್‌ಗೆ ಹೊರಟಿರುವ ನೀವು, ಬಾಡಿಗೆ ಕರಾರಿನಲ್ಲಿ ಆಕೆಯ ಹೆಸರಷ್ಟೇ ಇದ್ದರೆ ಸಾಕೇ ಎಂದು ಕೇಳಿದ್ದೀರಿ. ಸಾಧ್ಯವಾದರೆ ಇಬ್ಬರ ಹೆಸರೂ ಇರಲಿ ಎಂಬುದು ನನ್ನ ದೃಢ ಅಭಿಪ್ರಾಯ. ಇಲ್ಲವಾದರೆ ನೀವು ಆಕೆಯ ಒಳಬಾಡಿಗೆದಾರರಾಗುತ್ತೀರಿ. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕು, ಆಕೆ ಮನೆ ಬಿಟ್ಟರೆ ನಿಮ್ಮ ನೆಲೆಯೂ ಅಲುಗಾಡುತ್ತದೆ. ಇಬ್ಬರೂ ಸಹಿ ಹಾಕಿದರೆ ಒಬ್ಬರು ಕೊಡದ ಬಾಡಿಗೆಯನ್ನು ಮಾಲೀಕರು ಇನ್ನೊಬ್ಬರಿಂದ ಪೂರ್ತಿಯಾಗಿ ಕೇಳಬಹುದು ಮತ್ತು ಮನೆ ಬಿಡುವ ನೋಟಿಸನ್ನೂ ಇಬ್ಬರೂ ಸೇರಿಯೇ ಕೊಡಬೇಕು ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ, ಏಕೆಂದರೆ ಹಣದ ಮಾತು ತಡವಾದಷ್ಟೂ ಸ್ನೇಹಕ್ಕೆ ಭಾರ.

ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಬೇಕು. ಇದಕ್ಕೆ ಕರಾರುಪತ್ರ ಸಾಲದು. ನೀವು ಅಲ್ಲಿ ವಾಸಕ್ಕೆ ಬಂದಿರುವುದನ್ನು ದೃಢೀಕರಿಸಿ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು, ಅದರಲ್ಲಿ ನಿಮ್ಮಿಬ್ಬರ ಹೆಸರೂ ಇರಬೇಕು. ಸಮಯ ಸಿಗುವುದು ಕಷ್ಟವಾದ್ದರಿಂದ ನಗರದ ಯಾವ ಬಡಾವಣೆಯ ಬ್ಯೂರ್ಗರ್‌ಆಮ್ಟ್, ಅಂದರೆ ನಾಗರಿಕ ಸೇವಾ ಕಚೇರಿಯಲ್ಲಾದರೂ ಭೇಟಿಯ ಸಮಯ ಕಾಯ್ದಿರಿಸಿ.

ಕೀಲಿಕೈ ಸಿಕ್ಕ ದಿನವೇ ಅಂಚೆಪೆಟ್ಟಿಗೆಯ ಮೇಲೂ ಕರೆಗಂಟೆಯ ಬಳಿಯೂ ಇಬ್ಬರ ಅಡ್ಡಹೆಸರು ಅಂಟಿಸಿ. ಅಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಕಟ್ಟಡದ ಸಂಖ್ಯೆಯಷ್ಟೇ ಇರುತ್ತದೆ, ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ನೋಂದಣಿಯ ನಂತರ ಬರುವ ತೆರಿಗೆ ಸಂಖ್ಯೆಯ ಪತ್ರ ಹಿಂದಿರುಗೀತು.

ಮುಂಗಡವು ನೀರು, ಮನೆ ಬೆಚ್ಚಗಿಡುವುದು ಮುಂತಾದ ವೆಚ್ಚಗಳನ್ನು ಬಿಟ್ಟ 3 ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು 3 ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ.