ಓದುಗರು ಕೇಳಿದ್ದು: ಹಗುರ ಬೇಸ್ ಆಂಪ್, ಯಾರಿಗೆ ಯಾವುದು?

ಈ ಸಲ ಬೇಸ್ ನುಡಿಸುವವರ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ. ಎಷ್ಟು ವ್ಯಾಟ್, ಎಷ್ಟು ಕಿಲೋ ಎಂದು ಕೇಳಿದವರು ಬಹಳ ಮಂದಿ. ಬೆರಳಲ್ಲಿ ನುಡಿಸುತ್ತೀರೋ, ಸ್ಲ್ಯಾಪ್ ಮಾಡುತ್ತೀರೋ (ಹೆಬ್ಬೆರಳಲ್ಲಿ ತಂತಿಗೆ ಬಡಿದು ನುಡಿಸುವುದು), ಪಿಕ್ ಹಿಡಿಯುತ್ತೀರೋ ಎಂಬುದನ್ನು ಬರೆದವರು ಕೆಲವರೇ. ನಮಗೆ ಮೊದಲು ಬೇಕಾಗುವುದು ಅದೇ ಮಾಹಿತಿ.

ಪ್ರಶ್ನೆ: ಎರಡು ಕಿಲೋ ಹೆಡ್‌ನಲ್ಲಿ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) 500 ವ್ಯಾಟ್ ಎನ್ನುತ್ತಾರೆ. ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಹೆಡ್ ಎತ್ತಲು ಇಬ್ಬರು ಬೇಕಿತ್ತು. ಇಷ್ಟು ಹಗುರವಾದದ್ದನ್ನು ನಂಬಬಹುದೇ? ಸದ್ದು ತೆಳುವಾಗುವುದಿಲ್ಲವೇ?

ನಂಬಬಹುದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟ್‌ನದು, ತೂಕ 35 ಕಿಲೋಗೂ ಮೇಲೆ. ಆ ತೂಕದಲ್ಲಿ ದೊಡ್ಡ ಪಾಲು ಎರಡು ಟ್ರಾನ್ಸ್‌ಫಾರ್ಮರ್‌ಗಳದ್ದು: ಕರೆಂಟು ಒಳಬರುವ ಕಡೆ ಒಂದು, ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಇನ್ನೊಂದು. ಪ್ಲಗ್‌ನಲ್ಲಿ ಬರುವ ಕರೆಂಟಿನ ಆವರ್ತನ 50 ಅಥವಾ 60 ಹರ್ಟ್ಜ್. ಅಷ್ಟು ಕಡಿಮೆ ಆವರ್ತನದಲ್ಲಿ ಹೆಚ್ಚು ಶಕ್ತಿ ದಾಟಬೇಕಾದರೆ ಕಬ್ಬಿಣವೂ ತಾಮ್ರವೂ ಧಾರಾಳವಾಗಿ ಬೇಕು. ಈಗಿನ ಸ್ವಿಚಿಂಗ್ ಪವರ್ ಸಪ್ಲೈ ಆ ಕರೆಂಟನ್ನು ಮೊದಲು ಡಿಸಿ ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ, ಕೆಲವದರಲ್ಲಿ ಲಕ್ಷಕ್ಕೂ ಹೆಚ್ಚು ಸಲ ಕತ್ತರಿಸುತ್ತದೆ. ಆ ವೇಗದಲ್ಲಿ ಅಂಗೈಯಗಲದ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ಔಟ್‌ಪುಟ್ ಕಡೆ ಕ್ಲಾಸ್ ಡಿ ಎಂಬ ಬಗೆಯ ಸರ್ಕ್ಯೂಟ್ ಇದೆ. ಅಲ್ಲಿ ಟ್ರಾನ್ಸಿಸ್ಟರ್ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ನಡುವೆ ನಿಲ್ಲದ ಕಾರಣ ಶಾಖವಾಗಿ ಪೋಲಾಗುವುದು ಅಲ್ಪ, ಭಾರದ ಹೀಟ್‌ಸಿಂಕ್ ಬೇಕಾಗುವುದಿಲ್ಲ.

ತೆಳುವಾಯಿತು ಎಂಬ ದೂರಿಗೆ ಕಾರಣ ಬೇರೆ. ವಾಲ್ವ್ ಆಂಪ್ ತನ್ನ ಮಿತಿ ದಾಟಿದಾಗ ಸದ್ದನ್ನು ನಯವಾಗಿ ಅದುಮುತ್ತದೆ, ಹಾರ್ಮೋನಿಕ್‌ಗಳನ್ನು (ಮೂಲಸ್ವರದ ಎರಡು, ಮೂರು ಪಟ್ಟು ಆವರ್ತನದ ಸ್ವರಗಳು) ಸೇರಿಸುತ್ತದೆ. ಕಿವಿಗೆ ಅದು ಇನ್ನಷ್ಟು ಜೋರು, ಇನ್ನಷ್ಟು ದಪ್ಪ ಅನ್ನಿಸುತ್ತದೆ. ಕ್ಲಾಸ್ ಡಿ ಮಿತಿ ಮುಟ್ಟಿದರೆ ಲಿಮಿಟರ್ ತಡೆಯುತ್ತದೆ, ಅಷ್ಟೇ. ಹಾಗಾಗಿ 300 ವಾಲ್ವ್ ವ್ಯಾಟ್‌ಗೆ 300 ಕ್ಲಾಸ್ ಡಿ ವ್ಯಾಟ್ ಸಾಟಿಯಾಗದು, 600–800 ಇಟ್ಟುಕೊಳ್ಳಿ. ಅದರಿಂದ ತೂಕವೇನೂ ಹೆಚ್ಚುವುದಿಲ್ಲ. ಆದರೆ ವ್ಯಾಟ್ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 500ರ ಹೆಡ್ ಬಿಟ್ಟು 700ರದ್ದು ತಂದರೆ ಗೊತ್ತಾಗುವಂಥ ವ್ಯತ್ಯಾಸ ಇರುವುದಿಲ್ಲ.

ಹೆಡ್ ಹಗುರವಾದರೆ ಸದ್ದಿನಲ್ಲಿ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಸ್ಪೀಕರ್ ಬಾಕ್ಸ್ ಚಿಕ್ಕದಾದರೆ ಮಾತ್ರ ಏನನ್ನಾದರೂ ಬಿಟ್ಟುಕೊಡಲೇಬೇಕು. ಮುಂದಿನ ಪ್ರಶ್ನೆಯವರ ತೊಂದರೆ ಅದೇ.

ಪ್ರಶ್ನೆ: ಐದು ತಂತಿಯ ಬೇಸ್, ಹೆಚ್ಚಾಗಿ ಸ್ಲ್ಯಾಪ್. ಒಂದೇ 10 ಇಂಚಿನ ಸ್ಪೀಕರ್ ಇರುವ 300 ವ್ಯಾಟ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ) ಇದೆ. ಮನೆಯಲ್ಲಿ ಚೆನ್ನಾಗಿದೆ. ಡ್ರಮ್ಸ್ ಜೊತೆ ಬೇಸ್ ಗುಂಡಿ ಏರಿಸಿದ ಕೂಡಲೇ ಸ್ಪೀಕರ್ ಪಟಪಟ ಅನ್ನುತ್ತದೆ. ಹೆಚ್ಚು ವ್ಯಾಟ್‌ನದು ತೆಗೆದುಕೊಳ್ಳಲೇ?

ಬೇಡ. ವ್ಯಾಟ್ ಹೆಚ್ಚಿಸಿದರೆ ಆ ಸ್ಪೀಕರ್ ಇನ್ನೂ ಬೇಗ ಹೋಗುತ್ತದೆ.

ಬೆರಳೊತ್ತದೆ ಬಿಟ್ಟ ಬಿ ತಂತಿಯ ಮೂಲಸ್ವರ ಸುಮಾರು 31 ಹರ್ಟ್ಜ್, ಇ ತಂತಿಯದು 41. ಅಷ್ಟೇ ಜೋರಿನಲ್ಲಿ ಒಂದು ಸಪ್ತಕ ಕೆಳಗಿಳಿಯಬೇಕೆಂದರೆ ಸ್ಪೀಕರ್‌ನ ಕೋನ್ (ಗಾಳಿ ತಳ್ಳುವ ಹಾಳೆ) ನಾಲ್ಕು ಪಟ್ಟು ದೂರ ಹೋಗಿ ಬರಬೇಕು. 10 ಇಂಚಿನ ಒಂಟಿ ಕೋನ್‌ಗೆ ಅಷ್ಟು ದೂರ ಹೋಗುವ ಅವಕಾಶವಿಲ್ಲ. ಕೋನ್ ನಡೆಸುವ ತಂತಿಸುರುಳಿ, ಅಂದರೆ ಕಾಯಿಲ್, ಅಯಸ್ಕಾಂತದ ಸಂದಿನಿಂದ ಆಚೆ ಬರುತ್ತದೆ, ನಿಮಗೆ ಪಟಪಟ ಕೇಳಿಸುತ್ತದೆ. ಮುಂದುವರಿಸಿದರೆ ಕಾಯಿಲ್ ಹಿಂದಿನ ತಟ್ಟೆಗೆ ಬಡಿದು ಸೊಟ್ಟಗಾಗುತ್ತದೆ. ಗಾಳಿಕಂಡಿ ಇರುವ ಬಾಕ್ಸ್‌ನಲ್ಲಂತೂ, ಕಂಡಿಯನ್ನು ಯಾವ ಆವರ್ತನಕ್ಕೆ ಹೊಂದಿಸಿದ್ದಾರೋ ಅದಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆಯೇ ಸಿಗುವುದಿಲ್ಲ. ಇತ್ತ ಬೇಸ್ ಗುಂಡಿಯನ್ನು 6 ಡೆಸಿಬೆಲ್ ಏರಿಸಿದರೆ ಆ ಭಾಗದಲ್ಲಿ ನಾಲ್ಕು ಪಟ್ಟು ವ್ಯಾಟ್ ಕೇಳಿದಂತೆ. 12 ಏರಿಸಿದರೆ ಹದಿನಾರು ಪಟ್ಟು.

ಸದ್ಯಕ್ಕೆ ಹೀಗೆ ಮಾಡಿ. ಗುಂಡಿಗಳನ್ನೆಲ್ಲ ನಡುವಿಗೆ ತನ್ನಿ. ಹೈಪಾಸ್ ಫಿಲ್ಟರ್ (ಇಟ್ಟ ಆವರ್ತನಕ್ಕಿಂತ ಕೆಳಗಿನದನ್ನು ತಡೆಯುವುದು) ಇದ್ದರೆ 35–40 ಹರ್ಟ್ಜ್‌ಗೆ ಇಡಿ. ಇಲ್ಲದಿದ್ದರೆ ಅದಕ್ಕೆಂದೇ ಒಂದು ಪೆಡಲ್ ಕೊಳ್ಳಿ. ಬಿ ತಂತಿ ಹೋಗಿಬಿಡುತ್ತದೆ ಎಂಬ ಭಯ ಬೇಡ. ಕಿವಿ ಆ ಸ್ವರವನ್ನು ಹಿಡಿಯುವುದು ಬಹುಮಟ್ಟಿಗೆ 62 ಮತ್ತು 93 ಹರ್ಟ್ಜ್‌ನ ಹಾರ್ಮೋನಿಕ್‌ಗಳಿಂದ. ದಪ್ಪ ಬೇಕಾದರೆ 80–100 ಹರ್ಟ್ಜ್ ಸುತ್ತ 2–3 ಡೆಸಿಬೆಲ್ ಏರಿಸಿ, 250ರ ಸುತ್ತ ಅಷ್ಟೇ ಇಳಿಸಿ. ಸ್ಲ್ಯಾಪ್ ಮಾಡುವವರು ಮಿಡ್ (ನಡುವಿನ ಆವರ್ತನಗಳು) ಪೂರ್ತಿ ತೆಗೆದುಬಿಡುವ ಅಭ್ಯಾಸವೊಂದಿದೆ. ಒಬ್ಬರೇ ನುಡಿಸುವಾಗ ಅದು ಸೊಗಸು, ಬ್ಯಾಂಡ್‌ನಲ್ಲಿ ನೀವು ಮಾಯ. ಗಿಟಾರ್, ಡ್ರಮ್ಸ್ ನಡುವಿನಿಂದ ಬೇಸ್ ತಲೆ ಎತ್ತುವುದು 500ರಿಂದ 1,000 ಹರ್ಟ್ಜ್ ಒಳಗೆ.

ಕೊಳ್ಳುವುದಾದರೆ ನಿಮ್ಮ ನುಡಿಸುವಿಕೆಗೆ ನಾವು ಹೇಳುವುದು: 500 ವ್ಯಾಟ್ ಅಥವಾ ಮೇಲಿನ ಒಂದು ಹೆಡ್, ಒಂದೊಂದು 12 ಇಂಚಿನ ನಿಯೋಡಿಮಿಯಮ್ ಸ್ಪೀಕರ್ ಇರುವ ಎರಡು ಬಾಕ್ಸ್, ಎರಡೂ 8 ಓಮ್ (ಬಾಕ್ಸ್ ಹೆಡ್‌ಗೆ ಒಡ್ಡುವ ತಡೆಯ ಅಳತೆ). ನಿಯೋಡಿಮಿಯಮ್ ಅಯಸ್ಕಾಂತ ಅದೇ ಬಲಕ್ಕೆ ಫೆರೈಟ್‌ಗಿಂತ ಬಹಳ ಹಗುರ. ಇಂಥ ಬಾಕ್ಸ್ ಒಂದೊಂದು 12–16 ಕಿಲೋ ಇರುತ್ತದೆ, ಕೈಗೊಂದರಂತೆ ಒಬ್ಬರೇ ಒಯ್ಯಬಹುದು. ಚಿಕ್ಕ ಕಾರ್ಯಕ್ರಮಕ್ಕೆ ಒಂದೇ ಸಾಕು. ಎರಡನೆಯದನ್ನು ಸೇರಿಸಿದರೆ ಹೆಡ್‌ನಿಂದ ಬರುವ ವ್ಯಾಟೂ ಹೆಚ್ಚುತ್ತದೆ, ಕೋನ್‌ಗಳೂ ಎರಡಾಗುತ್ತವೆ. ಒಟ್ಟು 6 ಡೆಸಿಬೆಲ್ ಹತ್ತಿರ ಲಾಭ. ಯಾವ ಹೆಡ್ ಬದಲಾಯಿಸಿದರೂ ಇಷ್ಟು ಸಿಗದು. ಬಾಕ್ಸ್‌ಗಳನ್ನು ಪಕ್ಕಪಕ್ಕ ಇಡದೆ ಒಂದರ ಮೇಲೊಂದು ಇಡಿ. ಮೇಲಿನ ಸ್ಪೀಕರ್ ನಿಮ್ಮ ಕಿವಿಗೆ ಹತ್ತಿರ ಬರುತ್ತದೆ, ಅಡ್ಡಕ್ಕೆ ನಿಂತವರಿಗೂ ಮಿಡ್ ಸಮನಾಗಿ ಕೇಳುತ್ತದೆ.

ಟ್ವೀಟರ್ (ಎತ್ತರದ ಸ್ವರಗಳ ಪುಟ್ಟ ಸ್ಪೀಕರ್) ಇರಲೇಬೇಕು, ಅದರ ಮಟ್ಟ ಇಳಿಸುವ ಗುಂಡಿಯೂ ಬೇಕು. ಹೆಬ್ಬೆರಳ ಪೆಟ್ಟು, ತಂತಿ ಫ್ರೆಟ್‌ಗೆ ತಾಗುವ ಸದ್ದು ಅದರಲ್ಲೇ ಬರುವುದು. ಗುಂಡಿ ಪೂರ್ತಿ ತಿರುಗಿಸಿದರೆ ಸುಸ್‌ ಎನ್ನುವ ಸದ್ದೂ ಜೊತೆಗೇ ಬರುತ್ತದೆ, ಅರ್ಧದಿಂದ ಶುರುಮಾಡಿ.

ಬಾಕ್ಸ್‌ನ ಹಿಂಬದಿಯ ಚೀಟಿಯಲ್ಲಿ ವ್ಯಾಟ್‌ಗಿಂತ ಮೊದಲು ಸೆನ್ಸಿಟಿವಿಟಿ ನೋಡಿ: 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಂಕಿ. 97ರ ಬಾಕ್ಸ್‌ಗೆ 500 ವ್ಯಾಟ್ ಕೊಟ್ಟರೆ ಬರುವ ಸದ್ದು 100ರ ಬಾಕ್ಸ್‌ಗೆ 250 ವ್ಯಾಟ್‌ನಲ್ಲೇ ಬರುತ್ತದೆ. ಚಿಕ್ಕ ಬಾಕ್ಸ್, ಆಳದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಸ್ಪೀಕರ್ ಕಟ್ಟುವವರು ಇದನ್ನು ಹಾಫ್‌ಮನ್ ನಿಯಮ ಎನ್ನುತ್ತಾರೆ. ಮೂರೂ ಇವೆ ಎನ್ನುವ ಜಾಹೀರಾತು ಕಂಡರೆ ಪುಟ ತಿರುಗಿಸಿ.

ಪ್ರಶ್ನೆ: ನನ್ನಲ್ಲಿ 4 ಓಮ್ ಬಾಕ್ಸ್ ಒಂದಿದೆ. ಇನ್ನೊಂದು 4 ಓಮ್‌ನದು ಸೇರಿಸಬಹುದೇ?

ಹೆಡ್‌ನ ಹಿಂದೆ ಕನಿಷ್ಠ 2 ಓಮ್ ಎಂದು ಬರೆದಿದ್ದರೆ ಮಾತ್ರ. ಹೆಡ್‌ನ ಎರಡು ಔಟ್‌ಪುಟ್‌ಗಳೂ ಸಾಮಾನ್ಯವಾಗಿ ಸಮಾನಾಂತರ. 8 ಮತ್ತು 8 ಸೇರಿದರೆ 4, 4 ಮತ್ತು 4 ಸೇರಿದರೆ 2, 8 ಮತ್ತು 4 ಸೇರಿದರೆ 2.67. ಹಗುರ ಹೆಡ್‌ಗಳಲ್ಲಿ ಬಹಳಷ್ಟಕ್ಕೆ 4 ಓಮ್ ಕೊನೆಯ ಮಿತಿ. ಅದಕ್ಕಿಂತ ಕೆಳಗಿಳಿಸಿದರೆ ಜೋರಾಗಿ ನುಡಿಸುವಾಗ ರಕ್ಷಣಾ ಸರ್ಕ್ಯೂಟ್ ಸದ್ದು ನಿಲ್ಲಿಸುತ್ತದೆ, ಅದೂ ಹಾಡಿನ ಮಧ್ಯದಲ್ಲೇ. ಆದ್ದರಿಂದ ಮೊದಲ ಬಾಕ್ಸ್ ಕೊಳ್ಳುವಾಗಲೇ 8 ಓಮ್ ಆರಿಸಿ. ಒಂಟಿ 8 ಓಮ್ ಬಾಕ್ಸ್‌ಗೆ ಹೆಡ್‌ನ ಪೂರ್ತಿ ವ್ಯಾಟ್ ಹೋಗುವುದಿಲ್ಲ ಎಂಬುದು ನೆನಪಿರಲಿ: ಆಗಿಲಾರ್ ಟೋನ್ ಹ್ಯಾಮರ್ 500 ಕೊಡುವುದು 4 ಓಮ್‌ಗೆ 500, 8 ಓಮ್‌ಗೆ 250.

ಪ್ರಶ್ನೆ: ನಿಂತು ನುಡಿಸುವ ಡಬಲ್ ಬೇಸ್‌ಗೆ ಪೀಜೊ ಪಿಕಪ್ (ಕಂಪನವನ್ನು ಸಿಗ್ನಲ್ ಆಗಿಸುವ ಬಿಲ್ಲೆ) ಹಾಕಿಸಿದ್ದೇನೆ. ಆಂಪ್‌ಗೆ ಹಾಕಿದರೆ ಮೂಗಿನಿಂದ ಬಂದಂಥ ಸದ್ದು, ಸ್ವಲ್ಪ ಏರಿಸಿದರೆ ಊಳಿಡುತ್ತದೆ.

ಎರಡೂ ಬೇರೆ ಬೇರೆ ತೊಂದರೆ. ಮೂಗುಸದ್ದಿಗೆ ಕಾರಣ ಆಂಪ್‌ನ ಇನ್‌ಪುಟ್ ಇಂಪಿಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಕಡಿಮೆಯಾಗಿರುವುದು. ಪೀಜೊ ಒಂದು ಪುಟ್ಟ ಕೆಪಾಸಿಟರ್ ಇದ್ದಂತೆ ಕೆಲಸ ಮಾಡುತ್ತದೆ. ಅದರ ಕೆಪಾಸಿಟೆನ್ಸ್ 1 ನ್ಯಾನೊಫ್ಯಾರಡ್ ಎಂದುಕೊಳ್ಳಿ. 1 ಮೆಗಾಓಮ್ ಇನ್‌ಪುಟ್‌ಗೆ ಸೇರಿಸಿದರೆ 159 ಹರ್ಟ್ಜ್‌ನಿಂದ ಕೆಳಗೆಲ್ಲ ಕಳೆಗುಂದುತ್ತ ಹೋಗುತ್ತದೆ. 10 ಮೆಗಾಓಮ್ ಆದರೆ ಆ ಗಡಿ 16 ಹರ್ಟ್ಜ್‌ಗೆ ಇಳಿದು, ಬೇಸ್ ಪೂರ್ತಿ ಉಳಿಯುತ್ತದೆ. 10 ಮೆಗಾಓಮ್ ಇನ್‌ಪುಟ್ ಇರುವ ಆಂಪ್ ಆರಿಸಿ, ಇಲ್ಲವೇ ಅಂಥ ಪ್ರಿಆಂಪನ್ನು (ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಭಾಗ) ವಾದ್ಯದ ಹತ್ತಿರವೇ ಇಡಿ. ನಡುವಿನ ಕೇಬಲ್ ಚಿಕ್ಕದಿರಲಿ.

ಊಳಿಡುವುದಕ್ಕೆ: ಮೊದಲು ಫೇಸ್ ಸ್ವಿಚ್ (ಸಿಗ್ನಲ್ಲನ್ನು ತಲೆಕೆಳಗು ಮಾಡುವುದು) ತಿರುಗಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಮೇಲೆ ತಂತಿಗಳನ್ನು ಅದುಮಿ ಹಿಡಿಯದೆ, ವಾಲ್ಯೂಮ್ ನಿಧಾನ ಏರಿಸಿ. ಯಾವ ಸ್ವರದಲ್ಲಿ ಗುಂಯ್ ಎಂದು ಶುರುವಾಗುತ್ತದೋ ಅದನ್ನು ತಂತಿಯ ಮೇಲೆ ಹುಡುಕಿ, ಒಂದೇ ಆವರ್ತನವನ್ನು ಕತ್ತರಿಸುವ ನಾಚ್ ಫಿಲ್ಟರನ್ನು ಅಲ್ಲಿಗೆ ಇಡಿ. ಉದಾಹರಣೆಗೆ ಬಿಟ್ಟ ಎ ತಂತಿ 55 ಹರ್ಟ್ಜ್, ಅದರ ಮೇಲಿನ ಎ 110. ಹೈಪಾಸ್ ಅನ್ನು 60–80ರವರೆಗೂ ಏರಿಸಬಹುದು. ವಾದ್ಯದಿಂದ ನೇರವಾಗಿ ಬರುವ ಬೇಸ್ ಇದ್ದೇ ಇದೆಯಲ್ಲ. ಬಾಕ್ಸನ್ನು ನೆಲದಿಂದೆತ್ತಿ ಕುರ್ಚಿಯ ಮೇಲಿಡಿ, ವಾದ್ಯದ ಬೆನ್ನಿಗೆ ನೇರವಾಗಿ ಇಡಬೇಡಿ.

ನಿಮಗೆ 8 ಅಥವಾ 10 ಇಂಚಿನ ಚಿಕ್ಕ ಬಾಕ್ಸ್ ಸಾಕು. ಸ್ಲ್ಯಾಪ್‌ನವರಿಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಹಗುರ ಆಂಪ್‌ನ ದಾರಿ ತೆರೆದವರಲ್ಲಿ ಜಾಜ್ ಡಬಲ್ ಬೇಸ್‌ನವರೂ ಇದ್ದಾರೆ: ವಾಲ್ಟರ್ ವುಡ್ಸ್ 1970ರ ದಶಕದಲ್ಲಿ ಕಟ್ಟಿದ ಪುಟ್ಟ ಆಂಪ್‌ಗಳು ಅವರಿಗೆ ಅಚ್ಚುಮೆಚ್ಚು.

ಪ್ರಶ್ನೆ: ಪಿಕ್ ಹಿಡಿದು ರಾಕ್ ನುಡಿಸುತ್ತೇನೆ, ಗುರುಗುಟ್ಟುವ ಸದ್ದು ಬೇಕು. ಒಳಗೆ ವಾಲ್ವ್ ಇರುವ ಹಗುರ ಹೆಡ್ ತೆಗೆದುಕೊಂಡರೆ ಸರಿಯೇ?

ಒಳಗಿನ ಒಂದು 12ಎಎಕ್ಸ್7 ವಾಲ್ವ್ ಪ್ರಿಆಂಪ್‌ನದು. ದೊಡ್ಡ ವಾಲ್ವ್ ಹೆಡ್‌ನ ಗುರುಗುಟ್ಟುವಿಕೆ ಪ್ರಿಆಂಪ್‌ನಿಂದಷ್ಟೇ ಅಲ್ಲ, ಔಟ್‌ಪುಟ್ ವಾಲ್ವ್‌ಗಳು ತಮ್ಮ ಮಿತಿ ದಾಟುವುದರಿಂದಲೂ ಬರುತ್ತದೆ. ಹಾಗಾಗಿ ವಾಲ್ವ್ ಇದೆಯೇ ಎಂದು ನೋಡುವ ಬದಲು ಡ್ರೈವ್ (ಸದ್ದನ್ನು ಒಡೆಸುವ ಗುಂಡಿ) ಜೊತೆ ಬ್ಲೆಂಡ್ (ಸ್ವಚ್ಛ ಸದ್ದನ್ನು ಬೆರೆಸುವ) ಗುಂಡಿ ಇದೆಯೇ ನೋಡಿ. ಕೆಳಸ್ವರ ಸ್ವಚ್ಛವಾಗಿ ಉಳಿದು, ಮೇಲಿನ ಭಾಗಕ್ಕಷ್ಟೇ ಡ್ರೈವ್ ಸೇರಬೇಕು. ಇಲ್ಲದಿದ್ದರೆ ಡ್ರೈವ್ ಏರಿಸಿದಷ್ಟೂ ಬೇಸ್ ತೆಳುವಾಗುತ್ತದೆ. ಬಾಕ್ಸ್ ಎರಡು 10 ಇಂಚಿನದಿರಲಿ. ಟ್ವೀಟರ್ ಆಫ್ ಮಾಡಿ. ಡ್ರೈವ್‌ನ ಕರಕರ ಕಿವಿ ಚುಚ್ಚುವುದು ಅದರಿಂದಲೇ.

ಪ್ರಶ್ನೆ: ಯಾವಾಗಲೂ ದೊಡ್ಡ ಸೌಂಡ್ ಸಿಸ್ಟಮ್ ಇರುವ ಕಡೆಯೇ ನುಡಿಸುವುದು. ದೊಡ್ಡ ಆಂಪ್ ಬೇಕೇ?

ಬೇಡ. ನಿಮಗೆ ನೀವು ಕೇಳಿಸಿದರೆ ಸಾಕು. ಓರೆಯಾಗಿ ಹಿಂದಕ್ಕೆ ವಾಲಿಸಿಡಬಹುದಾದ ಚಿಕ್ಕ ಕಾಂಬೊ ನೋಡಿ. ಅದರಲ್ಲಿ ಎಕ್ಸ್‌ಎಲ್‌ಆರ್ ಡಿಐ ಔಟ್ (ಸೌಂಡ್ ಸಿಸ್ಟಮ್‌ಗೆ ನೇರ ಸಿಗ್ನಲ್ ಕಳಿಸುವ ಕಿಂಡಿ), ಗ್ರೌಂಡ್ ಲಿಫ್ಟ್ (ಅರ್ಥ್ ಕಡಿದು ಗುಂಯ್‌ಗುಡುವುದನ್ನು ತಡೆಯುವ ಸ್ವಿಚ್), ಪ್ರಿ-ಪೋಸ್ಟ್ ಸ್ವಿಚ್ (ಆ ಸಿಗ್ನಲ್ ಗುಂಡಿಗಳಿಗಿಂತ ಮೊದಲೋ ಆಮೇಲೋ ಎಂದು ಆರಿಸುವುದು) ಇರಬೇಕು. ಪ್ರಿಗೆ ಇಟ್ಟರೆ ನೀವು ವೇದಿಕೆಯಲ್ಲಿ ಗುಂಡಿ ತಿರುಗಿಸಿದ್ದು ಹೊರಗಿನ ಸದ್ದನ್ನು ಕೆಡಿಸುವುದಿಲ್ಲ.

ಪ್ರಶ್ನೆ: ಗಿಟಾರ್ ಕೇಬಲ್ಲನ್ನೇ ಸ್ಪೀಕರ್‌ಗೂ ಬಳಸಬಹುದೇ?

ಖಂಡಿತ ಬೇಡ. ಅದರ ಒಳತಂತಿ ಬಹಳ ಸಣ್ಣ, ಬಿಸಿಯಾಗುತ್ತದೆ. 1.5 ಅಥವಾ 2.5 ಚದರ ಮಿಲಿಮೀಟರ್‌ನ ಎರಡೆಳೆ ತಂತಿಗೆ ಸ್ಪೀಕಾನ್ (ಸ್ಪೀಕರ್‌ಗೆಂದೇ ಇರುವ ಪ್ಲಗ್) ಹಾಕಿದ್ದು ಬಳಸಿ. ಇನ್ನೊಂದು ಎಚ್ಚರ: ಬಹಳಷ್ಟು ಕ್ಲಾಸ್ ಡಿ ಹೆಡ್‌ಗಳಲ್ಲಿ ಸ್ಪೀಕರ್ ಔಟ್‌ನ ಎರಡು ತುದಿಗಳಲ್ಲೂ ಸಿಗ್ನಲ್ ಇರುತ್ತದೆ, ಯಾವುದೂ ಅರ್ಥ್ ಅಲ್ಲ. ಅಲ್ಲಿಂದ ಮಿಕ್ಸರ್‌ಗೋ ಹೆಡ್‌ಫೋನ್‌ಗೋ ತಂತಿ ಎಳೆದರೆ ಒಂದು ತುದಿ ಅರ್ಥ್‌ಗೆ ತಾಗಿ ಔಟ್‌ಪುಟ್ ಬೋರ್ಡ್ ಸುಡಬಹುದು. ಈ ಬೋರ್ಡ್‌ಗಳ ಬಿಡಿಭಾಗಗಳು ಬಹಳ ಸಣ್ಣವು. ರಿಪೇರಿಯವರು ಸಾಮಾನ್ಯವಾಗಿ ಇಡೀ ಬೋರ್ಡನ್ನೇ ಬದಲಾಯಿಸುತ್ತಾರೆ. ಹಳೆಯ ಮಾದರಿ ಕೊಳ್ಳುವವರು ಅದಕ್ಕೆ ಬೋರ್ಡ್ ಇನ್ನೂ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಹಿಂಬದಿಯಲ್ಲಿ 100–240 ವೋಲ್ಟ್ ಎಂದಿದೆಯೋ, 115/230 ಸ್ವಿಚ್ ಇದೆಯೋ ಅದನ್ನೂ ನೋಡಿಕೊಳ್ಳಿ. 115ಕ್ಕೆ ಇಟ್ಟ ಹೆಡ್ಡನ್ನು 230ಕ್ಕೆ ಚುಚ್ಚಿದರೆ ಫ್ಯೂಸ್ ಹೋಗುವುದು ಖಚಿತ, ಪವರ್ ಸಪ್ಲೈ ಉಳಿಯುತ್ತದೆಂಬ ಭರವಸೆ ಇಲ್ಲ.