ಎರಡು ಹೊತ್ತು ಸ್ನಾನ, ಮೈಯೆಲ್ಲ ಹೊಟ್ಟು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಮಗಳಿಗೆ ನಾಲ್ಕು ವರ್ಷ. ಅತ್ತೆ ಬೆಳಗ್ಗೆ, ಸಂಜೆ ಹಂಡೆಯ ಬಿಸಿನೀರು ಸುರಿದು, ಮೈತುಂಬ ಸೋಪು ಹಚ್ಚಿ ಉಜ್ಜುತ್ತಾರೆ. ಚಳಿ ಶುರುವಾದ ಮೇಲೆ ಕಾಲಿನ ಮೇಲೆ ಬಿಳಿ ಹೊಟ್ಟು, ರಾತ್ರಿ ಕೆರೆತ. ಸ್ನಾನ ಕಮ್ಮಿ ಮಾಡಲಾ?

ಉತ್ತರ: ಮಾಡಮ್ಮ. ಅತ್ತೆಗೆ ನನ್ನ ಹೆಸರು ಹೇಳು, ಬೈಗುಳ ನನಗೇ ಬರಲಿ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಆ ನೀರಿನಲ್ಲಿ ಸೋಪು ಸರಿಯಾಗಿ ನೊರೆಯಾಗದೆ ಚರ್ಮಕ್ಕೇ ಅಂಟಿಕೊಳ್ಳುತ್ತದೆ. ಸುಡುನೀರು ಮೈಯ ಸಹಜ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಟ್ಟು ಏಳದೆ ಇನ್ನೇನಾದೀತು?

ಅಮೆರಿಕದ ಚರ್ಮವೈದ್ಯರ ಸಂಘ ನಿನ್ನ ಮಗಳಿಗಿಂತ ದೊಡ್ಡವರಾದ 6ರಿಂದ 11 ವರ್ಷದ ಮಕ್ಕಳಿಗೇ ವಾರಕ್ಕೆ ಕನಿಷ್ಠ ಒಂದೆರಡು ಸ್ನಾನ, ಮೈ ಕೊಳೆಯಾದಾಗ, ಬೆವರಿದಾಗ ಮತ್ತೊಂದು ಎನ್ನುತ್ತದೆ. ಹಿಪ್ಪುನೇರಳೆ ತೋಟದ ಕೆಂಪುಮಣ್ಣಿನಲ್ಲಿ ಹೊರಳುವ ನಿನ್ನ ಮಗಳು ದಿನಾ ಕೊಳೆಯಾಗುವವಳೇ, ಬಿಡು. ಸಂಜೆ ಒಂದೇ ಸ್ನಾನ ಸಾಕು. ಐದು-ಹತ್ತು ನಿಮಿಷ, ಉಗುರುಬೆಚ್ಚಗಿನ ನೀರು; ನಿನ್ನ ಮೊಣಕೈ ಅದ್ದಿದರೆ ಸುಡಬಾರದು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಉಜ್ಜುವ ನಾರು ಪಾತ್ರೆಗೆ ಇರಲಿ. ಟವೆಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ವ್ಯಾಸಲಿನ್ ಸವರು. ಬೆಳಗ್ಗೆ ಮುಖ, ಕೈಕಾಲು ತೊಳೆದರಾಯಿತು.

ರಾತ್ರಿ ಕೆರೆತ ಅಂದೆಯಲ್ಲ, ಅದೊಂದು ನನ್ನನ್ನು ಕೊರೆಯುತ್ತಿದೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ ಇವೆಯಾ ನೋಡು. ಮನೆಯಲ್ಲಿ ಬೇರೆಯವರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು. ಆಗ ಎಲ್ಲರೂ ಒಟ್ಟಿಗೆ ಔಷಧಿ ಹಚ್ಚಬೇಕು, ಅತ್ತೆಯೂ ಸೇರಿ.